ಕಪ್ಪು ಕಾಫಿ ಮೆದುಳಿನ ಉರಿಯೂತ ಆರಿಸುತ್ತದೆಯೇ? ಪಾರ್ಕಿನ್‌ಸನ್ ಇರುವ ಅಪ್ಪನಿಗೆ ಕೊಡಬಹುದೇ?

ನಿಮ್ಮ ಪ್ರಶ್ನೆ ಇಷ್ಟು. ಸಿಂಧನೂರಿನಲ್ಲಿರುವ ನಿಮ್ಮ ತಂದೆಗೆ 64 ವರ್ಷ. ಕಳೆದ ವರ್ಷ ಪಾರ್ಕಿನ್‌ಸನ್ ಎಂದು ಗೊತ್ತಾಗಿದೆ. ಕಾಫಿ, ಚಹಾದಲ್ಲಿರುವ ಕೆಫೀನ್ ಮೆದುಳಿನ ರಕ್ಷಣಾ ಕೋಶಗಳ ಉರಿಯೂತ ಆರಿಸುತ್ತದೆ, ದಿನಕ್ಕೆ ಐದು ಲೋಟ ಕಪ್ಪು ಕಾಫಿ ಕುಡಿದರೆ ಮಾತ್ರೆಯೇ ಬೇಡ ಎಂಬ ವಾಟ್ಸಾಪ್ ಸಂದೇಶ ಬಂದಿದೆ. ಇದು ನಿಜವಾ, ಕಾಫಿ ಕೊಡಬಹುದಾ, ಅವರು ಈಗ ಕುಡಿಯುವ ಚಹಾ ಬಿಡಿಸಬೇಕಾ ಎಂದು ಕೇಳಿದ್ದೀರಿ.

ಮೊದಲು ಉತ್ತರ ಹೇಳಿಬಿಡುತ್ತೇನೆ. ಚಹಾ ಬಿಡಿಸಬೇಡಿ. ಐದು ಲೋಟ ಕಪ್ಪು ಕಾಫಿ ಶುರು ಮಾಡಬೇಡಿ. ಮಾತ್ರೆಯನ್ನಂತೂ ಒಂದು ಹೊತ್ತೂ ತಪ್ಪಿಸಬೇಡಿ. ಆ ಸಂದೇಶದಲ್ಲಿ ಅರ್ಧ ನಿಜ ಇದೆ. ಪೂರ್ತಿ ಸುಳ್ಳಾಗಿದ್ದರೆ ನನಗೆ ಇಷ್ಟು ಭಯ ಆಗುತ್ತಿರಲಿಲ್ಲ.

ನಮ್ಮ ದೊಡ್ಡಪ್ಪ ಗಂಗಾವತಿ ಹತ್ತಿರದ ಹಳ್ಳಿಯವರು. ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಅವರ ಅಕ್ಷರ ತಿಂಗಳಿಂದ ತಿಂಗಳಿಗೆ ಸಣ್ಣಗಾಗುತ್ತಾ ಬಂತು. ಖಾತೆ ಪುಸ್ತಕ ಓದೋಕೆ ಆಗುತ್ತಿಲ್ಲ ಎಂದು ಗಿರಣಿಯವರು ಹೇಳಿದ ಮೇಲೆಯೇ ನಮಗೆ ಪಾರ್ಕಿನ್‌ಸನ್ ಕಾಯಿಲೆಯ ಸುಳಿವು ಸಿಕ್ಕಿದ್ದು. ಮಾತ್ರೆ ಶುರುವಾದ ಮೇಲೆ ನಾಲ್ಕು ವರ್ಷ ಚೆನ್ನಾಗಿಯೇ ಇದ್ದರು. ಆಮೇಲೆ ಇದೇ ತರಹದ ಒಂದು ಸಂದೇಶ ಅವರ ಫೋನಿಗೂ ಬಂತು. "ಗುಳಿಗಿ ನುಂಗಿ ನುಂಗಿ ಸಾಕಾಗೈತಿ ತಮ್ಮಾ, ಕಾಫಿ ಕುಡಿದ್ರ ಕಮ್ಮಿ ಆಗತೈತಂತ" ಎಂದು ನನಗೆ ಫೋನಿನಲ್ಲಿ ಹೇಳಿದರು. ನಾನು ಕ್ಲಾಸಿಗೆ ಹೊರಟಿದ್ದೆ. ಆಮೇಲೆ ಮಾತಾಡ್ತೀನಿ ದೊಡ್ಡಪ್ಪ ಅಂದೆ. ಮಾತಾಡಲಿಲ್ಲ. ಅವರು ಎಂಟು ದಿನ ಮಾತ್ರೆ ಬಿಟ್ಟಿದ್ದರು. ಒಂಬತ್ತನೇ ದಿನ ಬೆಳಗ್ಗೆ ಹಿತ್ತಲಲ್ಲಿ ಬಿದ್ದರು. ಮೈಯೆಲ್ಲ ಸೆಟೆದುಕೊಂಡಿತ್ತು, ಜ್ವರ ಏರಿತ್ತು. ದೊಡ್ಡವ್ವನಿಗೆ ಒಬ್ಬಳೇ ಎತ್ತಲು ಆಗದೆ ಓಣಿಯವರನ್ನು ಕೂಗಿದಳು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು.

ಪಾರ್ಕಿನ್‌ಸನ್‌ಗೆ ಕೊಡುವ ಲೆವೊಡೋಪಾವನ್ನು ಏಕಾಏಕಿ ನಿಲ್ಲಿಸಿದರೆ ಹೀಗೆ ಮೈ ಬಿಗಿದು, ಜ್ವರ ಬಂದು, ಜೀವಕ್ಕೇ ಅಪಾಯ ಆಗಬಹುದು. ನಾನು ಬಳ್ಳಾರಿಯಲ್ಲಿ ಫಾರ್ಮಸಿ ವಿದ್ಯಾರ್ಥಿಗಳಿಗೆ ಔಷಧಶಾಸ್ತ್ರ ಕಲಿಸುತ್ತೇನೆ. ಅದಕ್ಕೂ ಮೊದಲು ಒಂದು ಲ್ಯಾಬಿನಲ್ಲಿ ಮೂರು ವರ್ಷ ಇದೇ ಮೆದುಳಿನ ರಕ್ಷಣಾ ಕೋಶಗಳ ಮೇಲೆ ಕೆಫೀನ್ ಹಾಕಿ ನೋಡುವ ಕೆಲಸವನ್ನೇ ಮಾಡಿದ್ದೆ. ಅವತ್ತು ಫೋನಿನಲ್ಲಿ ಹೇಳಬೇಕಾಗಿದ್ದನ್ನು ಇಲ್ಲಿ ನಿಮಗೆ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಆ ಕೋಶಗಳ ಹೆಸರು ಮೈಕ್ರೋಗ್ಲಿಯಾ. 1919ರಲ್ಲಿ ಸ್ಪೇನಿನ ಪಿಯೋ ದೆಲ್ ರಿಯೋ ಒರ್ತೇಗಾ ಇವುಗಳನ್ನು ಬೇರೆಯಾಗಿ ಗುರುತಿಸಿ ಹೆಸರಿಟ್ಟರು. ಸಣ್ಣ ಒಡಲು, ಸುತ್ತಲೂ ಕವಲೊಡೆದ ತೆಳ್ಳನೆಯ ಕೈಗಳು. ಬಹಳ ವರ್ಷ ಇವು ಕಾಯಿಲೆ ಬರುವವರೆಗೆ ಸುಮ್ನೆ ಕೂತಿರುತ್ತವೆ ಎಂದೇ ನಂಬಿದ್ದರು. 2005ರಲ್ಲಿ ಜೀವಂತ ಇಲಿಯ ಮೆದುಳನ್ನು ವಿಶೇಷ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆ ನಂಬಿಕೆ ಬಿದ್ದುಹೋಯಿತು. ಈ ಕೋಶಗಳ ಕೈಗಳು ಸದಾ ಚಾಚುತ್ತಾ, ಮಡಚುತ್ತಾ ಸುತ್ತಲಿನ ಜಾಗವನ್ನು ತಡವುತ್ತಲೇ ಇದ್ದವು. ಎಲ್ಲಾದರೂ ಒಂದು ಚೂರು ಗಾಯ ಮಾಡಿದರೆ ಸಾಕು, ಕೆಲವೇ ನಿಮಿಷದಲ್ಲಿ ಸುತ್ತಮುತ್ತಲಿನ ಕೈಗಳೆಲ್ಲ ಅಲ್ಲಿಗೆ ಬಂದು ಗಾಯವನ್ನು ಮುಚ್ಚುತ್ತಿದ್ದವು.

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಗದ್ದೆ ಮಾಡುವ ನಿಮ್ಮ ಊರಿನವರಿಗೆ ಇದು ಸುಲಭವಾಗಿ ಅರ್ಥ ಆಗುತ್ತದೆ. ರಾತ್ರಿ ನೀರು ಹಾಯಿಸುವ ಆಳು ಬ್ಯಾಟರಿ, ಸಲಿಕೆ ಹಿಡಿದು ಬದುವಿನ ಮೇಲೆ ಓಡಾಡುತ್ತಲೇ ಇರುತ್ತಾನಲ್ಲ, ಎಲ್ಲಿ ಬದು ಒಡೆದಿದೆಯೋ ಅಲ್ಲಿಗೆ ಓಡಿ ಮಣ್ಣು ಹಾಕುತ್ತಾನಲ್ಲ, ಹಾಗೆ. ಉರಿಯೂತ ಅಂದರೆ ಈ ಆಳು ತನ್ನ ಕೆಲಸ ಮಾಡುತ್ತಿರುವುದು. ಅದನ್ನು ಪೂರ್ತಿ ಆರಿಸಿಬಿಟ್ಟರೆ ಗದ್ದೆ ಕಾಯುವವರು ಯಾರು? ತೊಂದರೆ ಶುರುವಾಗುವುದು ಕೆಲಸ ಮುಗಿದ ಮೇಲೂ ಅವನು ಸಲಿಕೆ ಕೆಳಗಿಡದಿದ್ದಾಗ. 1988ರಲ್ಲಿ ಕೆನಡಾದ ಮೆಕ್‌ಗೀರ್ ದಂಪತಿ ಮತ್ತು ಸಂಗಡಿಗರು ಪಾರ್ಕಿನ್‌ಸನ್‌ನಿಂದ ತೀರಿಕೊಂಡವರ ಮೆದುಳನ್ನು ಪರೀಕ್ಷಿಸಿದರು. ಮೈಯ ಚಲನೆಯನ್ನು ಹತೋಟಿಯಲ್ಲಿಡುವ ಡೋಪಮಿನ್ ಎಂಬ ವಸ್ತುವನ್ನು ತಯಾರಿಸುವ ಕೋಶಗಳು ಸಾಯುವ ಜಾಗದಲ್ಲೇ ಕೆರಳಿದ ಮೈಕ್ರೋಗ್ಲಿಯಾ ಗುಂಪುಗುಂಪಾಗಿ ಕಂಡವು. ಮೆದುಳಿನ ಉರಿಯೂತಕ್ಕೂ ಈ ಕಾಯಿಲೆಗೂ ನಂಟಿದೆ ಎಂಬ ಮಾತಿಗೆ ಅಲ್ಲಿಂದ ಬಲ ಬಂತು.

ಈಗ ಕೆಫೀನ್. ಹಗಲೆಲ್ಲ ದುಡಿದ ಕೋಶಗಳು ಶಕ್ತಿ ಖರ್ಚು ಮಾಡಿದಾಗ ಉಳಿಯುವ ಒಂದು ವಸ್ತು ಅಡಿನೋಸಿನ್. ಅದು ಕೋಶದ ಮೇಲಿನ ರಿಸೆಪ್ಟರ್‌ಗಳ, ಅಂದರೆ ಸಂಕೇತ ಹಿಡಿಯುವ ಪ್ರೋಟೀನುಗಳ ಮೇಲೆ ಕೂತರೆ ನಮಗೆ ನಿದ್ದೆ ಬರುತ್ತದೆ. ಈ ರಿಸೆಪ್ಟರ್‌ಗಳಲ್ಲಿ ನಾಲ್ಕು ಬಗೆ. ಎ1, ಎ2ಎ, ಎ2ಬಿ, ಎ3. ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರೆ, ಅಲ್ವಾ? ಕೆಫೀನ್ ಆ ಟವೆಲ್ ಇದ್ದ ಹಾಗೆ. ಸೀಟಿನ ಮೇಲೆ ಬೀಳುತ್ತದೆ, ಪ್ರಯಾಣ ಮಾಡುವುದಿಲ್ಲ. ಆದರೆ ಅಡಿನೋಸಿನ್ ಕೂರಲು ಜಾಗ ಇರುವುದಿಲ್ಲ. ನಾವು ಕುಡಿಯುವ ಪ್ರಮಾಣದಲ್ಲಿ ಕೆಫೀನ್ ಮಾಡುವ ಮುಖ್ಯ ಕೆಲಸ ಇದೊಂದೇ, ಅದೂ ಎ1 ಮತ್ತು ಎ2ಎ ಸೀಟುಗಳಲ್ಲಿ. ದಿನಾ ಟವೆಲ್ ಬೀಳುತ್ತಿದ್ದರೆ ದೇಹ ಜಾಸ್ತಿ ಸೀಟು ಹಾಕಿಕೊಳ್ಳುತ್ತದೆ. ಒಂದು ದಿನ ಚಹಾ ತಪ್ಪಿದರೆ ತಲೆ ಸಿಡಿಯುವುದು ಅದಕ್ಕೇ. ನಿಮ್ಮ ತಂದೆಯ ಚಹಾವನ್ನು ಒಮ್ಮೆಲೇ ಬಿಡಿಸಬೇಡಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಮೈಕ್ರೋಗ್ಲಿಯಾದಲ್ಲಿ ಈ ಎ2ಎ ಸೀಟಿನ ಕತೆ ನನಗೆ ಬಹಳ ಇಷ್ಟ. ಶಾಂತವಾಗಿರುವ ಮೈಕ್ರೋಗ್ಲಿಯಾದ ಕೈಗಳು ಗಾಯದ ಕಡೆಗೆ ಚಾಚುತ್ತವೆ ಎಂದೆನಲ್ಲ. ಗಾಯವಾದ ಕೋಶದಿಂದ ಚೆಲ್ಲುವ ಎಟಿಪಿ ಎಂಬ ವಸ್ತು ಅವನ್ನು ಕರೆಯುತ್ತದೆ. ಆದರೆ ಉರಿಯೂತ ಶುರುವಾದ ಮೇಲೆ ಈ ಕೋಶಗಳು ಎಟಿಪಿಯ ಕರೆ ಕೇಳಿಸಿಕೊಳ್ಳುವ ರಿಸೆಪ್ಟರನ್ನು ಕಡಿಮೆ ಮಾಡಿಕೊಂಡು ಎ2ಎಯನ್ನು ಜಾಸ್ತಿ ಮಾಡಿಕೊಳ್ಳುತ್ತವೆ. ಚೆಲ್ಲಿದ ಎಟಿಪಿ ಒಡೆದು ಅಡಿನೋಸಿನ್ ಆಗುತ್ತದೆ. ಅದು ಎ2ಎ ಮೇಲೆ ಕೂತಾಗ ಕೈಗಳು ಚಾಚುವ ಬದಲು ಹಿಂದಕ್ಕೆ ಮಡಚಿಕೊಳ್ಳುತ್ತವೆ. ಅದೇ ಗಾಯ, ಆದರೆ ಕೋಶದ ನಡೆ ಪೂರ್ತಿ ಉಲ್ಟಾ. ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದವರು 2009ರಲ್ಲಿ ಇದನ್ನು ಇಲಿಗಳ ಮೈಕ್ರೋಗ್ಲಿಯಾದಲ್ಲಿ ತೋರಿಸಿದರು. ಎ2ಎಗೆ ಅಡ್ಡ ನಿಲ್ಲುವ ವಸ್ತು ಕೊಟ್ಟರೆ ಕೈಗಳು ಹಾಗೆ ಮಡಚಿಕೊಳ್ಳುವುದಿಲ್ಲ ಎಂಬುದೂ ಗೊತ್ತಾಯಿತು. ಕೆಫೀನ್ ಕೂಡ ಎ2ಎಗೆ ಅಡ್ಡ ನಿಲ್ಲುವ ವಸ್ತುವೇ. ಸಂದೇಶದಲ್ಲಿರುವ ಅರ್ಧ ನಿಜದ ಬೇರು ಇಂಥ ಕೆಲಸಗಳಲ್ಲಿದೆ.

ಇನ್ನು ನನ್ನ ಲ್ಯಾಬಿನ ಮಾತು. ನಾವು ಬಳಸುತ್ತಿದ್ದದ್ದು ಬಿವಿ-2 ಎಂಬ ಕೋಶಗಳನ್ನು. ಇಲಿಯ ಮೈಕ್ರೋಗ್ಲಿಯಾದಿಂದ 1990ರಲ್ಲಿ ಇಟಲಿಯಲ್ಲಿ ಮಾಡಿದ, ತಟ್ಟೆಯಲ್ಲಿ ಬೆಳೆಯುತ್ತಲೇ ಇರುವ ಕೋಶಗಳು. ಬ್ಯಾಕ್ಟೀರಿಯಾದ ಹೊರಪದರದಿಂದ ತೆಗೆದ ಎಲ್‌ಪಿಎಸ್ ಎಂಬ ವಸ್ತುವನ್ನು ಅವುಗಳ ಮೇಲೆ ಹಾಕಿದರೆ ಕೆರಳುತ್ತವೆ, ನೈಟ್ರಿಕ್ ಆಕ್ಸೈಡ್ ಬಿಡುತ್ತವೆ. ಮಾರನೇ ದಿನ ಆ ದ್ರವಕ್ಕೆ ನೈಟ್ರಿಕ್ ಆಕ್ಸೈಡ್‌ನ ಸುಳಿವು ಕೊಡುವ ಗ್ರೀಸ್ (Griess) ದ್ರಾವಣ ಬೆರೆಸಿದರೆ ಗುಲಾಬಿ ಬಣ್ಣ ಬರುತ್ತದೆ. ಬಣ್ಣ ಗಾಢವಾದಷ್ಟೂ ಉರಿಯೂತ ಜಾಸ್ತಿ. ತೊಂಬತ್ತಾರು ಗುಂಡಿಗಳ ತಟ್ಟೆಯಲ್ಲಿ ಎಲ್‌ಪಿಎಸ್ ಮಾತ್ರ ಹಾಕಿದ ಸಾಲು ಕಡುಗುಲಾಬಿ, ಜೊತೆಗೆ ಕೆಫೀನ್ ಹಾಕಿದ ಸಾಲು ತಿಳಿಗುಲಾಬಿ. ಮೊದಲ ಸಲ ಆ ತಟ್ಟೆ ನೋಡಿದ ಸಂಜೆ ನನಗೆ ಆದ ಸಂತೋಷ ಈಗಲೂ ನೆನಪಿದೆ. ಬೇರೆ ಲ್ಯಾಬುಗಳಲ್ಲೂ ಇದೇ ಕಂಡಿದೆ. ಟಿಎನ್‌ಎಫ್-ಆಲ್ಫಾ, ಐಎಲ್-6 ತರಹದ ಉರಿಯೂತದ ಸಂಕೇತಗಳೂ ಕೆಫೀನ್‌ನಿಂದ ಇಳಿಯುತ್ತವೆ. ಅವುಗಳ ಜೀನ್‌ಗಳಿಗೆ ಚಾಲನೆ ಕೊಡುವ ಎನ್‌ಎಫ್-ಕಪ್ಪಾಬಿ ಎಂಬ ಪ್ರೋಟೀನಿನ ಓಟವೂ ತಗ್ಗುತ್ತದೆ.

ಆದರೆ ನಾವು ಹಾಕಿದ ಕೆಫೀನ್ ಎಷ್ಟು? 500 ಮೈಕ್ರೋಮೋಲಾರ್. ಇದನ್ನು ಲೆಕ್ಕ ಹಾಕಿದರೆ ಲೀಟರಿಗೆ ಸುಮಾರು 97 ಮಿಲಿಗ್ರಾಂ. 100 ಮಿಲಿಗ್ರಾಂ ಕೆಫೀನ್ ಇರುವ ಒಂದು ಗಟ್ಟಿ ಕಾಫಿ ಕುಡಿದವರ ರಕ್ತದಲ್ಲಿ ಲೀಟರಿಗೆ 2 ಮಿಲಿಗ್ರಾಂ ಆಸುಪಾಸು ಇರುತ್ತದೆ. ರಕ್ತದಲ್ಲಿ ಲೀಟರಿಗೆ 80ರಿಂದ 100 ಮಿಲಿಗ್ರಾಂ ಅಂದರೆ ಜೀವ ಹೋಗುವ ಮಟ್ಟ. ತಟ್ಟೆಯಲ್ಲಿ ಬಣ್ಣ ತಿಳಿಯಾಗಿಸಿದ ಪ್ರಮಾಣ ಮನುಷ್ಯನಿಗೆ ವಿಷ. ಇನ್ನೊಂದು ವಿಷಯವೂ ಇದೆ. ಅಷ್ಟು ಎತ್ತರದ ಪ್ರಮಾಣದಲ್ಲಿ ಕೆಫೀನ್ ಸೀಟಿಗೆ ಟವೆಲ್ ಹಾಕುವುದಷ್ಟೇ ಅಲ್ಲ, ಕೋಶದ ಒಳಗೆ ಫಾಸ್ಫೋಡೈಎಸ್ಟರೇಸ್ ಎಂಬ ಕಿಣ್ವವನ್ನೂ ತಡೆಯುತ್ತದೆ. ಉರಿಯೂತ ಇಳಿಯಲು ಆ ತಡೆಯೂ ಕಾರಣ ಇರಬಹುದು. ಒಂದು ಲೋಟ ಚಹಾದಿಂದ ಆ ಕಿಣ್ವಕ್ಕೆ ಹೇಳಿಕೊಳ್ಳುವಂಥದ್ದೇನೂ ಆಗುವುದಿಲ್ಲ. ಈ ಒಂದು ಲೆಕ್ಕ ಸಂದೇಶ ಬರೆದವರಿಗೆ ಗೊತ್ತಿದ್ದಿದ್ದರೆ ನಮ್ಮ ದೊಡ್ಡಪ್ಪ ಬೀಳುತ್ತಿರಲಿಲ್ಲ.

ಹಾಗಂತ ಕುಡಿಯುವ ಪ್ರಮಾಣದಲ್ಲಿ ಏನೂ ಆಗುವುದಿಲ್ಲ ಎಂದಲ್ಲ. ಎ2ಎ ಸೀಟು ಹಿಡಿಯಲು ಕೆಫೀನ್ ಸ್ವಲ್ಪವೇ ಸಾಕು. 2001ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಪಾರ್ಕಿನ್‌ಸನ್ ತರಹದ ಹಾನಿ ಮಾಡುವ ಎಂಪಿಟಿಪಿ ವಿಷ ಕೊಟ್ಟ ಇಲಿಗಳಿಗೆ ಮನುಷ್ಯರು ಕುಡಿಯುವ ಕಾಫಿಗೆ ಹೋಲುವಷ್ಟೇ ಕೆಫೀನ್ ಕೊಟ್ಟಾಗ ಡೋಪಮಿನ್ ನಷ್ಟ ಕಡಿಮೆ ಆಯಿತು. ಅದರ ಹಿಂದಿನ ವರ್ಷವೇ ಹವಾಯಿಯ ಹೊನೊಲುಲುವಿನಿಂದ ದೊಡ್ಡ ಸುದ್ದಿ ಬಂದಿತ್ತು. ಅಲ್ಲಿ 8,004 ಗಂಡಸರನ್ನು ಸುಮಾರು 30 ವರ್ಷ ಗಮನಿಸಿದ್ದರು. ಅವರಲ್ಲಿ 102 ಜನರಿಗೆ ಪಾರ್ಕಿನ್‌ಸನ್ ಬಂತು. ಕಾಫಿಯನ್ನೇ ಕುಡಿಯದವರಲ್ಲಿ ಈ ಕಾಯಿಲೆ, ಅತಿ ಹೆಚ್ಚು ಕುಡಿಯುವವರಿಗಿಂತ ಐದು ಪಟ್ಟು ಇತ್ತು. ಕೆಫೀನ್ ತೆಗೆದ ಕಾಫಿಗೆ ಈ ನಂಟು ಇಲ್ಲ ಎಂದು 2001ರಲ್ಲಿ ಬೇರೆ ಅಧ್ಯಯನ ಹೇಳಿತು.

ಇವೆಲ್ಲ ಕಾಯಿಲೆ ಬರುವ ಮೊದಲು ಕುಡಿದವರ ಲೆಕ್ಕ ಎಂಬುದನ್ನು ಗಮನಿಸಿ. ನಿಮ್ಮ ಪ್ರಶ್ನೆ ಬಂದ ಮೇಲಿನದು. ಅದನ್ನೂ ಪರೀಕ್ಷೆ ಮಾಡಿದ್ದಾರೆ. ಕೆನಡಾದ ವೈದ್ಯರು ಪಾರ್ಕಿನ್‌ಸನ್ ಇರುವವರಿಗೆ ಕೆಫೀನ್ ಕೊಟ್ಟು ನೋಡಿದರು. 2012ರ ಸಣ್ಣ ಪ್ರಯೋಗದಲ್ಲಿ ಆರು ವಾರಕ್ಕೆ ಚಲನೆಯಲ್ಲಿ ಕೊಂಚ ಸುಧಾರಣೆ ಕಂಡಿತು. ಎಲ್ಲರಿಗೂ ಆಸೆ ಹುಟ್ಟಿತು. ಆಮೇಲೆ ದಿನಕ್ಕೆ ಎರಡು ಸಲ 200 ಮಿಲಿಗ್ರಾಂ ಕೊಟ್ಟು ತಿಂಗಳುಗಟ್ಟಲೆ ಗಮನಿಸಿದ ದೊಡ್ಡ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ನಡುಕ, ಬಿಗಿತ, ನಡಿಗೆ ಯಾವುದರಲ್ಲೂ ಲಾಭ ಇರಲಿಲ್ಲ. ನಿಮ್ಮ ತಂದೆಯ ಮಟ್ಟಿಗೆ ಈ ಇಡೀ ಉತ್ತರದಲ್ಲಿ ಹೆಚ್ಚು ತೂಕ ಇರುವುದು ಈ ಒಂದು ಪ್ರಯೋಗಕ್ಕೆ.

ಕೆಫೀನ್‌ನ ಬಂಧುಬಳಗದ ಬಗ್ಗೆಯೂ ಹೇಳಬೇಕು. ನಾವು ಕುಡಿದ ಕೆಫೀನ್‌ನಲ್ಲಿ ಶೇ. 80ಕ್ಕಿಂತ ಹೆಚ್ಚು ಭಾಗವನ್ನು ಪಿತ್ತಜನಕಾಂಗ ಪ್ಯಾರಾಜಾಂಥಿನ್ ಆಗಿ ಬದಲಿಸುತ್ತದೆ. ಸ್ವಲ್ಪ ಥಿಯೋಬ್ರೋಮಿನ್ ಆಗುತ್ತದೆ, ಇದೇ ಕೋಕೋ ಬೀಜದಲ್ಲಿ ಧಾರಾಳವಾಗಿರುವುದು. ಇನ್ನೂ ಸ್ವಲ್ಪ ಥಿಯೋಫಿಲಿನ್ ಆಗುತ್ತದೆ. ಜರ್ಮನಿಯ ಕೊಸೆಲ್ 1888ರಲ್ಲಿ ಚಹಾ ಎಲೆಯಿಂದ ತೆಗೆದದ್ದು ಇದನ್ನೇ. ದಮ್ಮಿನವರಿಗೆ ಕೊಡುವ ಡೆರಿಫಿಲಿನ್ ಮಾತ್ರೆಯಲ್ಲಿ ಈ ಥಿಯೋಫಿಲಿನ್ ಇದೆ. ಅದು ನುಂಗುವವರು ಮೇಲಿಂದ ಮೇಲೆ ಗಟ್ಟಿ ಚಹಾ ಕುಡಿದರೆ ಎದೆ ಬಡಿತ, ನಡುಕ, ವಾಂತಿ ಬರಬಹುದು. ಪಾರ್ಕಿನ್‌ಸನ್ ಇರುವವರಲ್ಲಿ ಆ ನಡುಕವನ್ನು ಕಾಯಿಲೆ ಜಾಸ್ತಿ ಆಯಿತು ಎಂದು ತಪ್ಪು ತಿಳಿಯುವ ಸಾಧ್ಯತೆ ಇದೆ. ಜ್ವರಕ್ಕೋ ಭೇದಿಗೋ ಸಿಪ್ರೊಫ್ಲಾಕ್ಸಾಸಿನ್ ಕೊಟ್ಟರೆ ಥಿಯೋಫಿಲಿನ್, ಕೆಫೀನ್ ಎರಡೂ ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತವೆ. ಈ ಮಾತ್ರೆಗಳು ನಮ್ಮ ಕಡೆ ಎಷ್ಟು ಮನೆಗಳಲ್ಲಿವೆ ನೋಡಿ.

ಇದೇ ಬಳಗದಲ್ಲಿ ಔಷಧ ಮಾಡಲು ಹೊರಟವರೂ ಇದ್ದಾರೆ. ಪ್ರೊಪೆಂಟೋಫಿಲಿನ್ ಎಂಬುದು ಇಲಿಗಳಲ್ಲಿ ಮೈಕ್ರೋಗ್ಲಿಯಾವನ್ನು ಚೆನ್ನಾಗಿ ಶಾಂತ ಮಾಡುತ್ತಿತ್ತು, ನರಗಳ ನೋವು ಇಳಿಸುತ್ತಿತ್ತು. ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ನೋವಿಗೆ ಮನುಷ್ಯರಲ್ಲಿ ಪ್ರಯತ್ನಿಸಿದಾಗ ನೋವು ಇಳಿಯಲಿಲ್ಲ. ಇಲಿಯ ಮೈಕ್ರೋಗ್ಲಿಯಾ ಸ್ಪಂದಿಸಿದಂತೆ ಮನುಷ್ಯರ ಮೈಕ್ರೋಗ್ಲಿಯಾ ಸ್ಪಂದಿಸುವುದಿಲ್ಲ ಎಂದು ಅದೇ ತಂಡ 2012ರಲ್ಲಿ ಬರೆಯಿತು. ನನ್ನ ತಟ್ಟೆಯ ತಿಳಿಗುಲಾಬಿ ಬಣ್ಣವನ್ನು ನಾನು ಎಚ್ಚರದಿಂದ ನೋಡಲು ಕಲಿತದ್ದು ಇಂಥ ಫಲಿತಾಂಶಗಳಿಂದ. ಗೆದ್ದದ್ದು ಇಸ್ಟ್ರಾಡೆಫಿಲಿನ್. ಕೆಫೀನ್‌ನ ಅಚ್ಚಿನಲ್ಲೇ ಮಾಡಿದ, ಎ2ಎ ಸೀಟನ್ನು ಮಾತ್ರ ಹಿಡಿಯುವ ಔಷಧ. ಜಪಾನ್ 2013ರಲ್ಲಿ, ಅಮೆರಿಕ 2019ರಲ್ಲಿ ಒಪ್ಪಿಗೆ ಕೊಟ್ಟವು. ಅದನ್ನೂ ಕೊಡುವುದು ಲೆವೊಡೋಪಾ ಜೊತೆಗೆ, ಅದರ ಬದಲಿಗೆ ಅಲ್ಲ.

ಇನ್ನೊಂದು ಮಾತು, ಇದನ್ನು ಯಾವ ಸಂದೇಶವೂ ಹೇಳುವುದಿಲ್ಲ. ಮೆದುಳಿನ ಹೊರಗೆ, ಉಳಿದ ದೇಹದ ರಕ್ಷಣಾ ಕೋಶಗಳಲ್ಲಿ ಇದೇ ಎ2ಎ ಉರಿಯೂತಕ್ಕೆ ಬ್ರೇಕ್ ಹಾಕುತ್ತದೆ. ಆ ರಿಸೆಪ್ಟರ್ ಇಲ್ಲದ ಇಲಿಗಳಲ್ಲಿ ಸಣ್ಣ ಉರಿಯೂತವೂ ದೊಡ್ಡ ಹಾನಿ ಮಾಡಿದ್ದನ್ನು 2001ರಲ್ಲಿ ತೋರಿಸಿದ್ದಾರೆ. ಒಂದೇ ಟವೆಲ್ ಒಂದು ಕಡೆ ಒಳ್ಳೆಯದು ಮಾಡಿದರೆ ಇನ್ನೊಂದು ಕಡೆ ಬ್ರೇಕನ್ನೇ ಸಡಿಲ ಮಾಡಬಹುದು. "ಉರಿಯೂತ ಆರಿಸುವ ಕಾಫಿ" ಎಂಬ ಮಾತನ್ನು ನಾನು ಯಾವತ್ತೂ ಒಪ್ಪದಿರುವುದಕ್ಕೆ ಇದೇ ಕಾರಣ.

ಈಗ ಮನೆಯ ಲೆಕ್ಕಕ್ಕೆ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2024ರ ಆಹಾರ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬಾರದು ಎನ್ನುತ್ತದೆ. 150 ಮಿಲಿಲೀಟರ್ ಲೆಕ್ಕದಲ್ಲಿ ಚಹಾದಲ್ಲಿ 30ರಿಂದ 65, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಫಿಲ್ಟರ್ ಕಾಫಿಯಂಥದ್ದರಲ್ಲಿ 80ರಿಂದ 120 ಮಿಲಿಗ್ರಾಂ ಇರುತ್ತದೆ. ಐದು ಲೋಟ ಗಟ್ಟಿ ಕಾಫಿ ಎಂದರೆ ಆಗಲೇ ಮಿತಿ ದಾಟಿತು. ನಮ್ಮ ಕಡೆ ಹೋಟೆಲಿನಲ್ಲಿ ಒಗ್ಗರಣಿ-ಮಿರ್ಚಿ ತಿಂದ ಮೇಲೆ ಕೊಡುವ ಸಣ್ಣ ಗ್ಲಾಸಿನ ಚಹಾ ಇದಕ್ಕಿಂತ ಕಡಿಮೆ. ಅಂಥ ಮೂರು ಗ್ಲಾಸು ನಿಮ್ಮ ತಂದೆಗೆ ಹೊರೆ ಆಗುವುದಿಲ್ಲ. ಸಕ್ಕರೆ ಕಡಿಮೆ ಮಾಡಿ. ಊಟದ ಹಿಂದೆ ಮುಂದೆ ಒಂದು ಗಂಟೆ ಚಹಾ ಬೇಡ, ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ.

ಲೆವೊಡೋಪಾ ಮಾತ್ರೆಯನ್ನು ಹಾಲಿನ ಚಹಾ ಜೊತೆ ನುಂಗಿಸಬೇಡಿ. ಹಾಲಿನ ಪ್ರೋಟೀನ್ ಆ ಔಷಧಕ್ಕೆ ಅಡ್ಡ ಬರುತ್ತದೆ. ನೀರಿನಲ್ಲಿ ಕೊಟ್ಟು ಅರ್ಧ ಗಂಟೆ ಆದ ಮೇಲೆ ಚಹಾ ಕೊಡಿ.

ಸಾಯಂಕಾಲದ ಚಹಾ ಮಾತ್ರ ಬೇಗ ಮುಗಿಯಲಿ. ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗಲು ಸಾಮಾನ್ಯವಾಗಿ ಐದು ತಾಸು ಬೇಕು. ಮಲಗುವ ಆರು ತಾಸು ಮೊದಲು 400 ಮಿಲಿಗ್ರಾಂ ತೆಗೆದುಕೊಂಡವರ ನಿದ್ದೆ ಒಂದು ತಾಸಿಗೂ ಜಾಸ್ತಿ ಕಡಿಮೆ ಆದದ್ದನ್ನು 2013ರಲ್ಲಿ ಅಳೆದಿದ್ದಾರೆ. ನಿದ್ದೆಗೆಟ್ಟರೆ ಮೈಕ್ರೋಗ್ಲಿಯಾ ಕೆರಳುವುದು ಇಲಿಗಳಲ್ಲಿ ಕಂಡಿದೆ. ಉರಿಯೂತ ಇಳಿಸಲೆಂದು ಕುಡಿದು ನಿದ್ದೆ ಕಳೆದುಕೊಂಡರೆ ಬಂದ ಲಾಭ ಅಲ್ಲಿಗೇ ಹೋಯಿತು.

ನೀವು ಕೇಳದ ಒಂದು ವಿಷಯ ಹೇಳುತ್ತೇನೆ, ಕ್ಷಮಿಸಿ. ನಿಮ್ಮ ಮನೆಯಲ್ಲಿ ಗದ್ದೆ ಇದೆ ಎಂದು ಬರೆದಿದ್ದೀರಿ. ಪ್ಯಾರಾಕ್ವಾಟ್ ಎಂಬ ಕಳೆನಾಶಕ ಬಳಸಿದವರಲ್ಲಿ ಪಾರ್ಕಿನ್‌ಸನ್ ಸುಮಾರು ಎರಡೂವರೆ ಪಟ್ಟು ಇದ್ದದ್ದು 2011ರ ಅಮೆರಿಕದ ರೈತರ ಅಧ್ಯಯನವೊಂದರಲ್ಲಿ ಕಂಡಿದೆ. ನಿಮ್ಮ ತಂದೆ ಇನ್ನು ಮೇಲೆ ಔಷಧ ಹೊಡೆಯುವ ಪಂಪು ಬೆನ್ನಿಗೆ ಏರಿಸಬಾರದು. ನೀವು, ನಿಮ್ಮ ಅಣ್ಣತಮ್ಮಂದಿರು ಹೊಡೆಯುವಾಗ ಕೈಗವಸು, ಮುಖಗವಸು ಇಲ್ಲದೆ ಹೊಡೆಯಬೇಡಿ. ಮೈಕ್ರೋಗ್ಲಿಯಾದ ಬಗ್ಗೆ ನಿಜಕ್ಕೂ ಕಾಳಜಿ ಇದ್ದರೆ, ಕಾಫಿಗಿಂತ ಮೊದಲು ನೋಡಬೇಕಾದದ್ದು ಇದನ್ನು.

ನಮ್ಮ ದೊಡ್ಡಪ್ಪ ಈಗ ಬೆಳಗ್ಗೆ ಆರಕ್ಕೆ ನೀರಿನ ಜೊತೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಆರೂವರೆಗೆ ದೊಡ್ಡವ್ವ ಚಹಾ ಕೊಡುತ್ತಾಳೆ. ಏಳಕ್ಕೆ ಕಾಲುವೆಯವರೆಗೆ ನಡೆದು ಬರುತ್ತಾರೆ. ಕೊನೆಯ ಚಹಾ ಮೂರು ಗಂಟೆಗೆ. ನಾನು ಪ್ರತಿ ರವಿವಾರ ಫೋನು ಮಾಡಿ ಮಾತ್ರೆ ಎಷ್ಟು ಉಳಿದಿವೆ ಎಂದು ಎಣಿಸಲು ಹೇಳುತ್ತೇನೆ, ಅವರು ಎಣಿಸಿ ಹೇಳುತ್ತಾರೆ.

ನಿಮ್ಮ ತಂದೆ ದಮ್ಮಿಗೆ, ಬಿಪಿಗೆ, ನಿದ್ದೆಗೆ ಬೇರೆ ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಚೀಟಿಯಲ್ಲಿರುವ ಹೆಸರುಗಳನ್ನು ಇಲ್ಲಿ ಕೆಳಗೆ ಬರೆಯಿರಿ. ಕೆಫೀನ್ ಜೊತೆ ಯಾವುದಕ್ಕೆ ತಕರಾರು ಇದೆ ಎಂದು ನೋಡಿ ಹೇಳುತ್ತೇನೆ. ಅದನ್ನು ಅವರ ಡಾಕ್ಟರಿಗೂ ತೋರಿಸಿ.